ಅಪ್‌ಡೇಟ್: ಎಚ್‌ಡಿ ಡಿವಿಡಿ ಬೇಡ, ಬ್ಲೂ-ರೇ ತಗೊಂಡೆ

ಹೈ-ಡೆಫಿನಿಷನ್ ಸಿನಿಮಾ ಡಿಸ್ಕ್‌ಗಳಲ್ಲಿ ಪೈಪೋಟಿಗಿಳಿದ ಬಗೆಗಳು ಎರಡು, ಎಚ್‌ಡಿ ಡಿವಿಡಿ ಮತ್ತು ಬ್ಲೂ-ರೇ. ಅಗ್ಗಕ್ಕೆ ಸಿಗುವ ಎಚ್‌ಡಿ ಡಿವಿಡಿ ಪ್ಲೇಯರ್ ತಗೊಳ್ಳಲಾ, ಬ್ಲೂ-ರೇಗೆ ಹೋಗಲಾ ಅಂತ ಕೇಳಿದ್ದೆ. ಬ್ಲೂ-ರೇ ತಗೊಂಡೆ. 2008ರ ಫೆಬ್ರವರಿ 19ರಂದು ಎಚ್‌ಡಿ ಡಿವಿಡಿಯ ಮುಖ್ಯ ಕಂಪನಿ ತೋಷಿಬಾನೇ ಅದನ್ನು ಕೈಬಿಟ್ಟ ಮೇಲೆ, ಹೊಸ ಸಿನಿಮಾ ಬರದ ಪ್ಲೇಯರ್ ಎಷ್ಟು ಅಗ್ಗವಾದರೇನು?

ಕೊಳ್ಳುವ ಮುಂಚೆ ಬ್ಲೂ-ರೇ ಪ್ಲೇಯರ್‌ನ ಪ್ರೊಫೈಲ್, ಅಂದರೆ ಅದು ಏನೇನು ಮಾಡಬಲ್ಲದು ಅನ್ನುವ ದರ್ಜೆ, ನೋಡಿ. 1.0 ಪ್ಲೇಯರ್‌ನಲ್ಲಿ ಸಿನಿಮಾ ಓಡುತ್ತದೆ, ಚಿತ್ರದೊಳಗೆ ಚಿತ್ರ ತೋರಿಸುವ ಎಕ್ಸ್‌ಟ್ರಾಗಳು ಬರಲ್ಲ; ಅದಕ್ಕೆ 1.1 ಬೇಕು.

ರೀಜನ್ ಕೋಡ್, ಅಂದರೆ ಡಿಸ್ಕ್ ಯಾವ ಪ್ರದೇಶದ ಪ್ಲೇಯರ್‌ನಲ್ಲಿ ಓಡಬೇಕು ಅನ್ನುವ ಲಾಕ್, ಇನ್ನೂ ಮುಖ್ಯ. ಎಚ್‌ಡಿ ಡಿವಿಡಿಗೆ ಆ ಕಾಟವೇ ಇರಲಿಲ್ಲ. ಬ್ಲೂ-ರೇಯಲ್ಲಿ ಭಾರತ ಸಿ, ಅಮೆರಿಕ ಎ. ಅಲ್ಲಿಂದ ನೆಂಟರು ತರುವ, ಎ-ಗೆ ಮಾತ್ರ ಲಾಕ್ ಆದ ಡಿಸ್ಕನ್ನು ಇಲ್ಲಿನ ಪ್ಲೇಯರ್ ಓಡಿಸಲ್ಲ.

ಬ್ಲೂ-ರೇಯಲ್ಲಿ ಡೇಟಾ ಪದರ ಮೇಲ್ಮೈಯಿಂದ ಬರೀ 0.1 ಮಿ.ಮೀ. ಒಳಗಿದೆ, ಎಚ್‌ಡಿ ಡಿವಿಡಿಯಲ್ಲಿ 0.6. ಹಾಗಾಗಿ ಗಟ್ಟಿ ಲೇಪನವಿದ್ದರೂ ಮೆತ್ತನೆ ಬಟ್ಟೆಯಲ್ಲಿ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ. ಸುತ್ತ ತಿರುಗಿಸಿ ಒರೆಸಿದರೆ ಗೀರು ಟ್ರ್ಯಾಕಿನ ಉದ್ದಕ್ಕೇ ಬೀಳುತ್ತದೆ, ಚಿತ್ರ ಅಲ್ಲೇ ನಿಂತುಬಿಡಬಹುದು.