ಸಹಾಯ ಬೇಕು: ಬ್ರೇಕ್ ಒತ್ತಿದರೆ ಕ್ಯಾಂಪರ್‌ನ ಹಿಂದಿನ ಲೈಟು ಮಂಕಾಗುತ್ತಿದೆ

ಎಲ್ಲರಿಗೂ ನಮಸ್ಕಾರ. ನಮ್ಮದು ಕ್ಯಾಂಪರ್ (ಒಳಗೇ ಮಲಗಿ ಉಳಿಯುವಂಥ ಗಾಡಿ) ಮಾಡಿಸಿಕೊಂಡ ಹಳೇ ಟೆಂಪೋ ಟ್ರಾವೆಲರ್, 12 ವೋಲ್ಟ್ ವೈರಿಂಗ್. ಎರಡು ವಾರದಿಂದ ಹಿಂದಿನ ಎಡಗಡೆ ಲೈಟು ಕಾಟ ಕೊಡುತ್ತಿದೆ. ಬರೀ ಪಾರ್ಕಿಂಗ್ ಲೈಟ್ ಹಾಕಿದರೆ ಉರಿಯುತ್ತದೆ. ಬ್ರೇಕ್ ಒತ್ತಿದ ಕೂಡಲೇ ಮಂಕಾಗುತ್ತದೆ, ಜೊತೆಗೆ ಪಕ್ಕದ ಇಂಡಿಕೇಟರ್ ಸುಮ್ನೆ ಮಿಣಮಿಣ ಅನ್ನುತ್ತದೆ. ಬಲಗಡೆ ಏನೂ ತೊಂದರೆ ಇಲ್ಲ.

ಫ್ಯೂಸ್ ಸರಿ ಇದೆ. ಎರಡೂ ಕಡೆ ಬಲ್ಬ್ ಅದಲು ಬದಲು ಮಾಡಿದೆ, ಅದೇ ಕತೆ. ಬಲ್ಬ್ ತೆಗೆದು ಹೋಲ್ಡರ್‌ನಲ್ಲಿ ಮೀಟರ್ ಇಟ್ಟರೆ 12.4 ವೋಲ್ಟ್. ಬಲ್ಬ್ ಹಾಕಿ, ಹೆಂಡತಿಯ ಕೈಲಿ ಬ್ರೇಕ್ ಒತ್ತಿಸಿದರೆ 8.9ಕ್ಕೆ ಇಳಿಯುತ್ತದೆ. ಕೊನೆಗೆ ಬ್ಯಾಟರಿ ನೆಗೆಟಿವ್‌ನಿಂದ ಉದ್ದದ ವೈರ್ ಎಳೆದು ಹೋಲ್ಡರ್‌ನ ಅರ್ತ್‌ಗೆ (ಕರೆಂಟ್ ಗಾಡಿಯ ಬಾಡಿ ಮೂಲಕ ಬ್ಯಾಟರಿಗೆ ವಾಪಸ್ ಹೋಗುವ ದಾರಿ) ಮುಟ್ಟಿಸಿದೆ. ಝಗ್ ಅಂತ ಹತ್ತಿತು! ಅಂದರೆ ಅರ್ತಿಂಗ್ ಹೋಗಿದೆ ಅಂತಲೇ ಅಲ್ವಾ?

ಆದರೆ ಅರ್ತ್ ಸ್ಕ್ರೂ ಎಲ್ಲಿದೆ ಅಂತ ಸಿಗುತ್ತಿಲ್ಲ. ಕಪ್ಪು ವೈರ್ ಪ್ಲೈವುಡ್ ಹಿಂದೆ ಹೋಗಿ ಮರೆಯಾಗುತ್ತದೆ. ಕಂಡಷ್ಟು ತುದಿಗೆ ಹಸಿರು ಕಿಲುಬು ಹಿಡಿದಿದೆ, ಮಳೆನೀರು ಇಳಿದಿರಬೇಕು. ಪ್ಲೈವುಡ್ ಬಿಚ್ಚಬೇಕೆಂದರೆ ಮಂಚ, ನೀರಿನ ಟ್ಯಾಂಕ್ ಎಲ್ಲಾ ತೆಗೆಯಬೇಕು.

ಹಳೇ ವೈರ್ ಅಲ್ಲೇ ಬಿಟ್ಟು, ಹೋಲ್ಡರ್‌ನಿಂದ ನೇರವಾಗಿ ಚಾಸಿಗೆ (ಗಾಡಿಯ ಲೋಹದ ಚೌಕಟ್ಟಿಗೆ) ಹೊಸ ಅರ್ತ್ ಕೊಡಬಹುದಾ? 2.5 ಸ್ಕ್ವೇರ್ ಎಂಎಂ ಸಾಕಾ? ಪೇಂಟ್ ಕೆರೆದು ರಿಂಗ್ ಲಗ್ (ವೈರ್ ತುದಿಗೆ ಹಾಕಿ ಸ್ಕ್ರೂ ಬಿಗಿಯುವ ಉಂಗುರ) ಕೂರಿಸಿದ ಮೇಲೆ ತುಕ್ಕು ಹಿಡಿಯದ ಹಾಗೆ ಏನು ಹಚ್ಚುತ್ತೀರಿ, ಗ್ರೀಸಾ, ವ್ಯಾಸಲೀನಾ?

ಮುಂದಿನ ವಾರ ಆಗುಂಬೆ ಘಾಟಿ ಇಳಿಯಬೇಕು, ಮಕ್ಕಳೂ ಇರುತ್ತಾರೆ. ಆ ಮಂಜಿನಲ್ಲಿ ಹಿಂದಿನ ಗಾಡಿಗೆ ನಮ್ಮ ಬ್ರೇಕ್ ಲೈಟ್ ಕಾಣಲೇಬೇಕು. ಈ ಕೆಲಸ ಮಾಡಿದವರು ದಯವಿಟ್ಟು ತಿಳಿಸಿ.