ತುಕ್ಕು ಉಜ್ಜುವ ವಿಡಿಯೋವನ್ನು ಇಷ್ಟು ಜನ ಯಾಕೆ ನೋಡುತ್ತಾರೆ?

ಪ್ರಶ್ನೆ: ಚಿಕ್ಕಪೇಟೆ ಕಡೆಯ ಸಂಡೇ ಬಜಾರ್‌ನಲ್ಲಿ 150 ರೂಪಾಯಿಗೆ ತುಕ್ಕು ಹಿಡಿದ ಈಳಿಗೆಮಣೆ ತಂದೆ. ರಾತ್ರಿಯೆಲ್ಲ ವಿನೆಗರ್‌ನಲ್ಲಿ ನೆನೆಹಾಕಿ, ಉಜ್ಜಿ, ಸಾಣೆ ಹಿಡಿದು, ಮಾತೇ ಇಲ್ಲದ ವಿಡಿಯೋ ಮಾಡಿ ಸುಮ್ನೆ ಯೂಟ್ಯೂಬಿಗೆ ಹಾಕಿದೆ. ಎರಡೇ ವಾರಕ್ಕೆ 40 ಸಾವಿರ ವ್ಯೂಸ್! ತಂಗಿ ಮದುವೆ ವಿಡಿಯೋ ಇನ್ನೂ 300 ದಾಟಿಲ್ಲ. ಯಾರು ಸ್ವಾಮಿ ಇವರೆಲ್ಲ?

ಉತ್ತರ 1: ಮಾತಿಲ್ಲದ್ದೇ ಪ್ಲಸ್. ಕನ್ನಡ ಬಾರದವರೂ ನೋಡಬಹುದು ಅಲ್ವಾ. ಆಸ್ಟ್ರೇಲಿಯಾದ ಪ್ರಿಮಿಟಿವ್ ಟೆಕ್ನಾಲಜಿ ಚಾನೆಲ್ 2015ರಿಂದ ಹೀಗೇ, ಕಾಡಲ್ಲಿ ಮಣ್ಣು ಕಲಸಿ ಗುಡಿಸಲು ಕಟ್ಟುತ್ತಾ, ತುಟಿ ಬಿಚ್ಚದೆ ಕೋಟಿ ಸಬ್‌ಸ್ಕ್ರೈಬರ್‌ಗಳನ್ನು ಗಳಿಸಿದೆ.

ಉತ್ತರ 2: 2012ರಲ್ಲಿ ಯೂಟ್ಯೂಬ್ ಲೆಕ್ಕ ಬದಲಾಯಿಸಿತು. ಎಷ್ಟು ಜನ ಕ್ಲಿಕ್ ಮಾಡಿದರು ಅನ್ನುವುದಕ್ಕಿಂತ ಎಷ್ಟು ಹೊತ್ತು ನೋಡಿದರು ಅನ್ನುವುದಕ್ಕೆ ಬೆಲೆ ಜಾಸ್ತಿಯಾಯಿತು. ತುಕ್ಕಿನ ಕೆಳಗೆ ಏನಿದೆ ಅಂತ ಜನ ಕೊನೆವರೆಗೂ ಕೂರುತ್ತಾರೆ. ಸಿಲ್ಕ್ ಬೋರ್ಡ್‌ನಲ್ಲಿ ಬಸ್ ನಿಂತಾಗ ನಾನಂತೂ ಇಂಥದ್ದೇ ನೋಡುವುದು.

ಉತ್ತರ 3: ಅದಿರಲಿ, ವಿನೆಗರ್‌ನಿಂದ ತೆಗೆದ ಮೇಲೆ ಅಡುಗೆ ಸೋಡಾ ನೀರಲ್ಲಿ ತೊಳೆದು, ಒರೆಸಿ, ಎಣ್ಣೆ ಹಚ್ಚಿದಿರಾ? ಇಲ್ಲದಿದ್ದರೆ ಮತ್ತೆ ತುಕ್ಕು ಗ್ಯಾರಂಟಿ.

ಪ್ರಶ್ನೆ ಕೇಳಿದವರು: ಅಯ್ಯೋ, ಹಚ್ಚಿಲ್ಲ. ಈಗ ನೋಡಿದರೆ ಅಂಚೆಲ್ಲ ಕೆಂಪಗಾಗಿದೆ. ಎರಡನೇ ಭಾಗಕ್ಕೆ ಸರಕು ಸಿಕ್ಕಿತು ಬಿಡಿ.