ಅಜ್ಜಿ, ಮೊಮ್ಮಕ್ಕಳು ಒಟ್ಟಿಗೆ ಕುಳಿತು ಆಡಬಹುದಾದ ಆಟ ಯಾವುದು?

ಪ್ರಶ್ನೆ:
ನಮ್ಮ ಮನೆಯಲ್ಲಿ ಎಪ್ಪತ್ತು ದಾಟಿದ ಅತ್ತೆಯವರು, ನಾವಿಬ್ಬರು, ಹಾಗೂ ಎಂಟು ಮತ್ತು ಹದಿಮೂರು ವರ್ಷದ ಇಬ್ಬರು ಹೆಣ್ಣುಮಕ್ಕಳಿದ್ದೇವೆ. ರಾತ್ರಿ ಊಟವಾದೊಡನೆ ಎಲ್ಲರೂ ಒಂದೊಂದು ಮೂಲೆ ಹಿಡಿಯುತ್ತೇವೆ. ಅಜ್ಜಿಯೊಂದಿಗೆ ಮಕ್ಕಳ ಮಾತು ‘ಊಟ ಆಯಿತೇ’ ಎಂಬಲ್ಲಿಗೇ ನಿಂತುಬಿಟ್ಟಿದೆ. ಕೇರಂ ತಂದೆವು, ಆದರೆ ಅತ್ತೆಯವರಿಗೆ ಬೆರಳು ನೋವು. ಐವರೂ ಕೂರಬಹುದಾದ ಆಟವಿದ್ದರೆ ದಯವಿಟ್ಟು ತಿಳಿಸಿ.

ಉತ್ತರ 1:
ಚೌಕಾಬಾರ ಆಡಿ. ರಟ್ಟಿನ ಮೇಲೆ 25 ಮನೆ ಬರೆದು ಮೇಜಿನ ಮೇಲಿಟ್ಟರೆ ಹಿರಿಯರು ನೆಲಕ್ಕೆ ಕೂರಬೇಕಾಗಿಲ್ಲ. ನಾಲ್ಕು ಕವಡೆಗಳೂ ಅಂಗಾತ ಬಿದ್ದರೆ ನಾಲ್ಕು, ಅಂದರೆ ಚೌಕ; ಎಲ್ಲವೂ ಬೋರಲು ಬಿದ್ದರೆ ಎಂಟು, ಅಂದರೆ ಬಾರ; ಎರಡಕ್ಕೂ ಇನ್ನೊಮ್ಮೆ ಹಾಕುವ ಅವಕಾಶವಿದೆ. ಆಡುವವರು ನಾಲ್ವರೇ ಆದ್ದರಿಂದ ಚಿಕ್ಕವಳನ್ನು ಅಜ್ಜಿಯ ಜೊತೆ ಸೇರಿಸಿ: ಕವಡೆ ಹಾಕುವುದು ಅವಳು, ಯಾವ ಕಾಯಿ ನಡೆಸಬೇಕೆಂದು ಹೇಳುವುದು ಅಜ್ಜಿ. ಕವಡೆಗೆ ವಯಸ್ಸಿನ ಭೇದವಿಲ್ಲದ ಕಾರಣ ಎಂಟು ವರ್ಷದವಳೂ ಅಪ್ಪನ ಕಾಯಿ ಹೊಡೆಯಬಲ್ಲಳು, ಮತ್ತು ಆ ಸಂತೋಷವನ್ನು ಅವಳು ಬೇಗ ಮರೆಯುವುದಿಲ್ಲ.

ಉತ್ತರ 2:
ಒಂದು ಮಾತು ಸೇರಿಸುತ್ತೇನೆ. ನಿಯಮಗಳನ್ನು ಮೊಬೈಲಿನಲ್ಲಿ ಹುಡುಕದೆ ಅತ್ತೆಯವರನ್ನೇ ಕೇಳಿ. ಎದುರಾಳಿಯ ಒಂದು ಕಾಯಿಯನ್ನಾದರೂ ಹೊಡೆಯದೆ ಒಳಸುತ್ತಿಗೆ ಹೋಗಬಹುದೇ ಎಂಬುದರಲ್ಲಿ ಮನೆಗೊಂದು ಪದ್ಧತಿಯಿದೆ. ನಮ್ಮಲ್ಲಿ ಇದೇ ವಿಷಯಕ್ಕೆ ವಾದ ಎದ್ದಾಗ, ತವರಿನ ಜಗಲಿಯಲ್ಲಿ ಇದ್ದಿಲಿನಿಂದ ಮನೆ ಬರೆದು ಆಡಿಸುತ್ತಿದ್ದ ತಮ್ಮ ಅಣ್ಣನ ಬಗ್ಗೆ ಅಮ್ಮ ಮೊದಲ ಬಾರಿಗೆ ಹೇಳಿದರು. ನಾನು ಹುಟ್ಟುವ ಮೊದಲೇ ತೀರಿಕೊಂಡಿದ್ದ ಆ ಸೋದರಮಾವನ ಹೆಸರನ್ನು ಬಿಟ್ಟರೆ ನನಗೆ ಬೇರೇನೂ ತಿಳಿದಿರಲಿಲ್ಲ. ಈಗಲೂ ನಮ್ಮ ಮನೆಯಲ್ಲಿ ಅವರ ನಿಯಮವೇ ನಡೆಯುತ್ತದೆ.

ಉತ್ತರ 3:
ನಾವು ತುಳುನಾಡಿನವರು, ಆಟಿ ತಿಂಗಳ ಮಳೆಯಲ್ಲಿ ಚೆನ್ನೆಮಣೆ ಆಡುತ್ತೇವೆ. ಹದಿನಾಲ್ಕು ಗುಳಿ, ಗುಳಿಗೆ ನಾಲ್ಕರಂತೆ ಕಾಯಿ. ಇಬ್ಬರೇ ಆಡುವ ಆಟವಾದ್ದರಿಂದ ಅಜ್ಜಿಗೂ ದೊಡ್ಡ ಮಗಳಿಗೂ ಒಪ್ಪುತ್ತದೆ. ಮಕ್ಕಳು ಸೋತು ಅತ್ತರೆ ಬೇಕೆಂದೇ ಸೋಲಬೇಡಿ, ಅವರಿಗೆ ಅದು ತಿಳಿದುಬಿಡುತ್ತದೆ. ಇನ್ನೊಂದು ಆಟಕ್ಕೆ ಕರೆಯಿರಿ.

ಪ್ರಶ್ನೆ ಕೇಳಿದವರಿಂದ:
ಎಲ್ಲರಿಗೂ ಧನ್ಯವಾದಗಳು. ಅತ್ತೆಯವರನ್ನು ಕೇಳಿದೆ, ತಮ್ಮೂರಿನಲ್ಲಿ ಆಡುತ್ತಿದ್ದ ಚೌಕಾಬಾರ ಸಾಲಿಗೆ ಐದು ಮನೆಯದಲ್ಲ, ಏಳು ಮನೆಯದು ಎಂದರು. ಕವಡೆ ಸಿಗುವವರೆಗೆ ಹುಣಸೆ ಬೀಜವೇ ಸಾಕೆಂದು, ಅದರ ಒಂದು ಬದಿ ಬೆಳ್ಳಗಾಗುವಂತೆ ಕಲ್ಲಿಗೆ ಉಜ್ಜುವುದನ್ನು ಚಿಕ್ಕವಳಿಗೆ ಹಿತ್ತಿಲಲ್ಲಿ ಕುಳಿತು ತೋರಿಸಿಕೊಡುತ್ತಿದ್ದಾರೆ.